ದಾನಮ್ಮನ ಹೇಳಿಕೆ

"ಹ್ವಾದ ರವಿವಾರ ನಿಮ್ಮ ಮಗಾ ಕುಡದಿದ್ದರೇನ್ರಿ?" ಎಂದು ಫರಹಾನಾ ಮೇಡಂ ಕೇಳಿ ಮುಗಿಸುವಷ್ಟರಲ್ಲಿ ದಾನಮ್ಮನ ಬಾಯಿಂದ "ಇಲ್ರಿ" ಎಂಬುದು ಬಂದುಬಿಟ್ಟಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. "ಹನಿ ಸೈತ ಮುಟ್ಟಿಲ್ರಿ. ದಿನಾ ಪೂರ್ತಿ ಕೂಸಿನ ಸಂಗಾಟ ಚೌಕಾಬಾರಾ ಆಡಕೋತ ಕುಂತಿದ್ದ," ಎಂದು ಸೇರಿಸಿದಳು. ಚೌಕಾಬಾರದ ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಮನೆಯಲ್ಲಿ ಕವಡೆಗಳೇ ಇರಲಿಲ್ಲ.

ಬಾಗಲಕೋಟೆ ನವನಗರದ ಕೌಟುಂಬಿಕ ನ್ಯಾಯಾಲಯದಲ್ಲಿ ಗಂಡ ಹೆಂಡಿರನ್ನು ಕೂರಿಸಿ ಮಾತಾಡಿಸುವ ಕೋಣೆ ಅದು. ಗೋಡೆಯ ಮೇಲೆ ಆನೆ, ಮೊಲಗಳ ಚಿತ್ರ. ಮೂಲೆಯಲ್ಲಿ ಗೊಂಬೆಗಳ ಬುಟ್ಟಿ. ದಿನವಿಡೀ ಜಗಳ ಕೇಳಿ ಕೇಳಿ ದನಿ ಎತ್ತುವುದನ್ನೇ ಮರೆತವಳಂತೆ ಅಲ್ಲಿನ ಸಮಾಲೋಚಕಿ ಫರಹಾನಾ ಮೆಲ್ಲಗೆ ಮಾತಾಡುತ್ತಿದ್ದಳು. ಬರೆಯುವುದನ್ನು ನಿಲ್ಲಿಸಿ ಮುದುಕಿಯ ಮುಖ ನೋಡಿದಳು.

"ಅವ್ವಾರ, ನಿಮ್ಮ ಮಾತಿನ ಮ್ಯಾಲ ಸಾಹೇಬ್ರು ಮುಂದಿಂದು ನೋಡ್ತಾರ. ಇಳಕಲ್ಲಿಗೆ ಬಂದು ನೋಡಾಕ ನಮಗ ಆಗೂದಿಲ್ಲ. ಅಲ್ಲಿ ನೀವ ನಮ್ಮ ಕಣ್ಣು."

"ಗೊತ್ತೈತ್ರಿ," ಎಂದು ದಾನಮ್ಮ ತೋರಿಸಿದ ಕಡೆ ಸಹಿ ಮಾಡಿದಳು. ನಾಲ್ಕನೇ ಇಯತ್ತೆಯವರೆಗೆ ಕಲಿತ ಅಕ್ಷರ, ದುಂಡಗೆ, ಒಂದಕ್ಕೊಂದು ತಾಗದಂತೆ.

ಹೊರಗೆ ಮೆಟ್ಟಿಲ ಮೇಲೆ ಹುಚ್ಚೇಶ ಕಾಯುತ್ತಿದ್ದ. ಮೂವತ್ತನಾಲ್ಕರ ಗಂಡಸು, ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗನಂತೆ ಅವ್ವನ ಮುಖವನ್ನೇ ನೋಡಿದ. "ಏನ್ ಕೇಳಿದ್ರು?" ಎಂದ. "ಕೇಳೂದು ಏನೈತಿ. ಹೇಳಿ ಬಂದೆ," ಎಂದಳು. ಅವನು ಅವಳ ಕೈಚೀಲ ಇಸಿದುಕೊಂಡು ಮುಂದೆ ನಡೆದ. ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೆ ಬಿಟ್ಟುಕೊಟ್ಟ. ಅಮೀನಗಡ ದಾಟುವವರೆಗೂ ಆಗಾಗ ತನ್ನಷ್ಟಕ್ಕೆ ತಾನೇ ಸಣ್ಣಗೆ ನಗುತ್ತಿದ್ದ.

ಗಂಡಸರಿಗಾಗಿ ಸುಳ್ಳು ಹೇಳುವುದು ದಾನಮ್ಮನಿಗೆ ಅಂಗಳ ಗುಡಿಸಿದಷ್ಟೇ ಸಹಜವಾಗಿತ್ತು. ಅವಳ ಗಂಡ ಗುರಲಿಂಗಪ್ಪ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಕೂತರೆ ಇಡೀ ಓಣಿಯೇ ಬಂದು ನೋಡುವಂಥ ಸೆರಗು ನೇಯುತ್ತಿದ್ದ. ಕುಡಿದು ಮಲಗಿದರೆ ಮೂರು ದಿನ ಏಳುತ್ತಿರಲಿಲ್ಲ. ಸಾವುಕಾರರ ಕಡೆಯವರು ಸೀರೆ ಎಲ್ಲಿ ಎಂದು ಬಾಗಿಲಿಗೆ ಬಂದಾಗ "ಜ್ವರ ಬಂದಾವ್ರಿ, ಮೈ ಕೆಂಡ ಆಗೈತಿ" ಎಂದು ಅವಳು ಹೊಸ್ತಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಹೊಟ್ಟೆ ಊದಿಕೊಂಡು ಅವನು ಸತ್ತಾಗ ಕಾಮಾಲೆ ಎಂದಳು. ಆಮೇಲೆ ಮಗನಿಗೆ ಜ್ವರ ಬರತೊಡಗಿತು. ಪವರ್‌ಲೂಮಿನ ಮಾಲೀಕರು ಫೋನು ಮಾಡಿದಾಗ ಅದೇ ಮಾತು, ಅದೇ ದನಿ. ಸೊಸೆ ಸುಶ್ಮಿತಾಳ ಕೈ ಮುರಿದ ದಿನ ದವಾಖಾನೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದಾಗಲೂ ಸೊಸೆ ಬಾಯಿ ತೆರೆಯುವ ಮೊದಲು ದಾನಮ್ಮ ಹೇಳಿದ್ದಳು: "ಮಗ್ಗದ ಕುಣಿಯೊಳಗ ಕಾಲ್ ಜಾರಿ ಬಿದ್ಲರಿ." ಆಗ ಸುಶ್ಮಿತಾ ಅತ್ತೆಯ ಕಡೆ ತಿರುಗಿ ನೋಡಿದ್ದಳು. ಅಳುತ್ತಿರಲಿಲ್ಲ. ಸುಮ್ಮನೆ ನೋಡಿದ್ದಳು.

ಪ್ಲಾಸ್ಟರು ಬಿಚ್ಚಿದ ಮರುದಿನವೇ ಅವಳು ಮಗಳು ಬನಶ್ರೀಯನ್ನು ಕರೆದುಕೊಂಡು ಕೆರೂರಿನ ತವರಿಗೆ ಹೋದಳು. ಅಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಸೋಡಚೀಟಿ ಕೊಡಿಸಿ ಮದುವೆ ಮುರಿಯಬೇಕೆಂದೂ ಮಗಳು ತನ್ನ ಬಳಿಯೇ ಇರಬೇಕೆಂದೂ ಕೋರ್ಟಿಗೆ ಹೋದಳು.

ಕೋರ್ಟೆಂದರೆ ಕಟಕಟೆ, ಬೈಗುಳ, ಪೊಲೀಸರು ಎಂದುಕೊಂಡಿದ್ದ ದಾನಮ್ಮನಿಗೆ ಮೊದಲ ದಿನವೇ ಆಶ್ಚರ್ಯವಾಗಿತ್ತು. ಜಡ್ಜ್ ಸಾಹೇಬರು ಮೈಸೂರಿನ ಕಡೆಯವರು. ಎಲ್ಲರನ್ನೂ ತಮ್ಮ ಕೋಣೆಗೇ ಕರೆಸಿ ಕುರ್ಚಿ ಕೊಡಿಸಿದ್ದರು. "ಇದು ಶಿಕ್ಷೆ ಕೊಡೋ ಕೋರ್ಟ್ ಅಲ್ಲಪ್ಪ," ಎಂದು ಹುಚ್ಚೇಶನಿಗೆ ಹೇಳಿದ್ದರು. "ಕುಡಿತ ಕಾಯಿಲೆ. ಕಾಯಿಲೆಗೆ ಔಷಧಿ ಇದೆ. ನೀವು ಆಸ್ಪತ್ರೆಗೆ ಸೇರಿ, ವಾಸಿ ಮಾಡ್ಕೊಳ್ಳಿ. ನಿಮ್ಮ ಮಗಳನ್ನ ನಿಮ್ಮಿಂದ ಕಿತ್ಕೊಳ್ಳೋ ಆಸೆ ನನಗಿಲ್ಲ. ಆದರೆ ನನಗೆ ನಿಜ ಗೊತ್ತಾಗ್ತಾ ಇರಬೇಕು."

ಹುಚ್ಚೇಶ ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ವಾರ ಇದ್ದ. ಮನೆಗೆ ಬಂದು ಅಪ್ಪನ ಮಗ್ಗದಲ್ಲಿ ಕೂತಾಗ ಕೈ ನಡುಗಿ ಕಡಿದ ಎಳೆ ಗಂಟು ಹಾಕಲು ಬರುತ್ತಿರಲಿಲ್ಲ. ದಾನಮ್ಮ ಪಕ್ಕದಲ್ಲಿ ಕೂತು ಎಳೆ ಹಿಡಿದುಕೊಡುತ್ತಿದ್ದಳು. ಎರಡು ತಿಂಗಳು ಕಳೆಯುವಷ್ಟರಲ್ಲಿ ಬೆರಳು ಹದಕ್ಕೆ ಬಂದವು, ಕೆನ್ನೆ ತುಂಬಿತು. ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡ. ನಾಲ್ಕು ತಿಂಗಳು ಅವನು ಹೆಂಡದ ಅಂಗಡಿಗಳ ಮುಂದಿನ ದಾರಿಯನ್ನೇ ಬಿಟ್ಟು ಸುತ್ತು ಹಾಕಿ ಕೆಲಸಕ್ಕೆ ಹೋಗುತ್ತಿದ್ದ. ಆಗ ಸಾಹೇಬರು, ತಿಂಗಳ ಎರಡನೇ ಶನಿವಾರ ಸಂಜೆಯಿಂದ ರವಿವಾರ ಸಂಜೆಯವರೆಗೆ ಮಗಳು ಅಪ್ಪನ ಮನೆಯಲ್ಲಿರಬಹುದೇ ಎಂದು ಸುಶ್ಮಿತಾಳನ್ನು ಕೇಳಿದರು. ಅವಳು "ಅತ್ತಿ ಮನ್ಯಾಗ ಇರ್ತಾರಂದ್ರ ಕಳಸ್ತೇನ್ರಿ," ಎಂದಿದ್ದಳು.

ಆ ಮಾತು ಕೇಳಿದಾಗ ದಾನಮ್ಮನಿಗೆ ಖುಷಿಗಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು.

ಎರಡು ಭೇಟಿ ಚೆನ್ನಾಗಿ ನಡೆದವು. ಮೂರನೆಯದರಲ್ಲಿ ಹುಚ್ಚೇಶ ಮಿರ್ಚಿಭಜಿ ತರುತ್ತೇನೆಂದು ಹೋದವನು ಒಂದು ತಾಸಿನ ಮೇಲೆ ಭಜಿಯೂ ಇಲ್ಲದೆ ಬಂದು, ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಯಾಕೆ ಕುಡಿದೆ ಎಂದರೆ ಅವನಿಗೂ ಗೊತ್ತಿರಲಿಲ್ಲ. ದಾನಮ್ಮ ಮೊಮ್ಮಗಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, "ಅಪ್ಪಗ ಜ್ವರ ಬಂದಾವು, ಗದ್ದಲ ಮಾಡಬ್ಯಾಡ," ಎಂದಿದ್ದಳು. ಆ ರವಿವಾರದ ಬಗ್ಗೆಯೇ ಫರಹಾನಾ ಕೇಳಿದ್ದು. ಒಂದು ಸಲ ಕಾಲು ಜಾರಿದ್ದಕ್ಕೆ ಎಲ್ಲ ಕಳೆದುಕೊಳ್ಳುವುದೇ ಎಂದು ದಾನಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ನಾಲ್ಕನೇ ಭೇಟಿಯ ರವಿವಾರ, ಊಟವಾದ ಮೇಲೆ ಹುಚ್ಚೇಶ ಮೋಟರ್‌ಸೈಕಲ್ಲು ಹೊರಗೆ ತೆಗೆದ. ಏಳು ವರ್ಷದ ಬನಶ್ರೀ ಆಗಲೇ ಮುಂದೆ ಹತ್ತಿ ಕೂತು ಕನ್ನಡಿಯಲ್ಲಿ ತನ್ನ ರಿಬ್ಬನ್ನು ನೋಡಿಕೊಳ್ಳುತ್ತಿದ್ದಳು. ದಾನಮ್ಮ ಬಾಗಿಲಿಗೆ ಬಂದಳು. ಮಗ ವಾಸನೆ ಬಾರದಂತೆ ಬಾಯಿ ಬಿಗಿದುಕೊಂಡಿದ್ದ. ಹಾಗೆ ಬಾಯಿ ಬಿಗಿದುಕೊಳ್ಳುವುದು ಯಾವಾಗ ಎಂಬುದು ಅವಳಿಗೆ ಗೊತ್ತಿತ್ತು.

"ಎಲ್ಲಿಗೆ ಹೊಂಟಿ?"

"ಇಲ್ಲೇ. ಐಸ್‌ಕ್ರೀಮ್ ಕೊಡಿಸ್ಕೊಂಡು ಬರ್ತೇನಿ."

"ಬಿಸಲು ಭಾಳೈತಿ. ಸಂಜೀಕ ಹೋಗೀಯಂತ."

"ಸಂಜೀಕ ಅಕಿನ್ನ ಬಿಡಾಕ ಹೋಗೂದಿಲ್ಲೇನು?" ಎಂದು ಅವನು ಕಿಕ್ ಹೊಡೆದ.

ಆಚೆ ಮನೆಯ ರಂಜಾನಬಿ ಕಟ್ಟೆಯ ಮೇಲೆ ಕೂತು ನೂಲಿನ ಕಂಡಿಕೆ ಸುತ್ತುತ್ತ ಇತ್ತಲೇ ನೋಡುತ್ತಿದ್ದಳು. ಗಾಡಿ ನಿಲ್ಲಿಸಬೇಕೆಂದರೆ ಯಾಕೆ ಎಂಬುದನ್ನು ಓಣಿಗೆ ಕೇಳುವಂತೆ ಹೇಳಬೇಕಾಗುತ್ತಿತ್ತು. ದಾನಮ್ಮ ಚೌಕಟ್ಟು ಹಿಡಿದು ನಿಂತಳು. ಗಾಡಿ ಓಣಿಯ ತಿರುವು ದಾಟಿತು.

ಅರ್ಧ ತಾಸಾಯಿತು. ಒಂದು ತಾಸಾಯಿತು. ಅವಳು ಒಳಗೆ ಹೋಗುವುದು, ಹೊರಗೆ ಬರುವುದು. ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು. ಫೋನು ಮಾಡಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಓಣಿಯ ಬಾಯಿಗೆ ಬಂದಾಗ, ಹೆದ್ದಾರಿಯ ಕಡೆಯಿಂದ ಬನಶ್ರೀ ಒಬ್ಬಳೇ ನಡೆದು ಬರುವುದು ಕಾಣಿಸಿತು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೊಣಕಾಲ ಕೆಳಗೆ ಉದ್ದಕ್ಕೆ ತರಚಿ ರಕ್ತ ಒಣಗಿತ್ತು. ಬಲಗೈ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಅವಳ ಹಿಂದೆ, ಮನೆಯಷ್ಟು ದೊಡ್ಡ ಕೆಂಪು ಗ್ರಾನೈಟಿನ ಬಂಡೆ ಹೇರಿದ ಲಾರಿಗಳು ಒಂದರ ಬೆನ್ನಿಗೊಂದು ಹೋಗುತ್ತಿದ್ದವು. ಮಗು ಆ ಲಾರಿಗಳ ಬದಿಗೇ ಅಷ್ಟು ದೂರ ನಡೆದು ಬಂದಿತ್ತು.

ದಾನಮ್ಮ ಓಡಿಹೋಗಿ ಅವಳನ್ನು ಎತ್ತಿಕೊಂಡಳು. ಹುಡುಗಿಯ ಮೈ ಬಿಸಿಲಿಗೆ ಕಾದಿತ್ತು. ಆದರೆ ಅವಳು ಅಳುತ್ತಿರಲಿಲ್ಲ.

"ಅಪ್ಪ ಎಲ್ಲಿ?"

"ಅಪ್ಪಗ ಜ್ವರ ಬಂದಾವು," ಎಂದಳು ಬನಶ್ರೀ. "ಬೇವಿನ ಗಿಡದ ಕೆಳಗ ಮಲಗ್ಯಾನ. ಗಾಡಿ ಬಿದ್ದಿತ್ತು. ಎದ್ದು ಮತ್ತ ಹೊಡೀತಾನಂತ ಕೀಲಿ ನಾ ತೊಗೊಂಡು ಬಂದೆ." ಮುಷ್ಟಿ ಬಿಚ್ಚಿ ತೋರಿಸಿದಳು. ಅಂಗೈಯಲ್ಲಿ ಕೀಲಿಯ ಹಲ್ಲುಗಳ ಗುರುತು ಕೆಂಪಗೆ ಮೂಡಿತ್ತು. ಆಮೇಲೆ ಅಜ್ಜಿಯ ಕಿವಿಗೆ ಬಾಯಿ ಹಚ್ಚಿ, "ಆಯಿ, ಅವ್ವ ಕೇಳಿದ್ರ ಆಡೂಮುಂದ ಬಿದ್ದೆ ಅಂತೇನಿ. ನೀನೂ ಹಂಗ ಹೇಳು," ಎಂದಳು.

ದಾನಮ್ಮ ಅವಳನ್ನು ಕೆಳಗಿಳಿಸಿ ಮುಖ ನೋಡಿದಳು. ಸಣ್ಣ ಮುಖ, ಬೆವರಿಗೆ ಹಣೆಗೆ ಅಂಟಿದ ಕೂದಲು. ಹೇಳಿಕೊಟ್ಟವರಿಲ್ಲದೆ, ತಡವರಿಸದೆ, ಕೇಳುವ ಮೊದಲೇ ಉತ್ತರ ಸಿದ್ಧ ಮಾಡಿಟ್ಟುಕೊಂಡ ಮುಖ. ಅವಳು ಕೀಲಿ ಇಸಿದುಕೊಂಡು ಮೊಮ್ಮಗಳ ಕೈ ಹಿಡಿದು ಮನೆಯ ಕಡೆ ನಡೆದಳು.

ಸಂಜೆ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಸುಶ್ಮಿತಾ ಮಗಳ ಕಾಲು ನೋಡಿದವಳೇ ಬಗ್ಗಿದಳು. "ಇದೇನಿದು?"

"ಆಡೂಮುಂದ ಬಿದ್ದೆ," ಎಂದಳು ಬನಶ್ರೀ, ಅಜ್ಜಿಯ ಕಡೆ ನೋಡುತ್ತ.

ಸುಶ್ಮಿತಾಳೂ ನೋಡಿದಳು. ಅಂದು ಡಾಕ್ಟರರ ಮುಂದೆ ನೋಡಿದ ಹಾಗೆಯೇ. ದಾನಮ್ಮ ಮೊಮ್ಮಗಳ ಬಟ್ಟೆಯ ಚೀಲವನ್ನು ಸೊಸೆಯ ಕೈಗೆ ಕೊಟ್ಟಳು. ಕೆರೂರಿನ ಕಡೆ ಹೋಗುವ ಬಸ್ಸು ಬಂತು, ತಾಯಿ ಮಗಳು ಹತ್ತಿದರು. ಹಿಂದಿನ ಕಿಟಕಿಯಿಂದ ಬನಶ್ರೀ ಕೈ ಬೀಸಿದಳು.

ಮುಂದಿನ ತಾರೀಕು ಹತ್ತು ದಿನದ ನಂತರ ಇತ್ತು. ರಾತ್ರಿ ನಡೆದು ಮನೆಗೆ ಬಂದು ಬಿದ್ದುಕೊಂಡಿದ್ದ ಹುಚ್ಚೇಶ ಮರುದಿನ ಎದ್ದು ದಾನಮ್ಮನ ಕಾಲು ಹಿಡಿದಿದ್ದ, ತಲೆ ಚಚ್ಚಿಕೊಂಡು ಅತ್ತಿದ್ದ. ಆ ಅಳು ಸುಳ್ಳಲ್ಲ ಎಂಬುದು ದಾನಮ್ಮನಿಗೆ ಗೊತ್ತಿತ್ತು. ಅವನಪ್ಪನ ಅಳುವೂ ಸುಳ್ಳಾಗಿರಲಿಲ್ಲ.

ತಾರೀಕಿನ ದಿನ ಬಾಗಲಕೋಟೆಯ ಬಸ್ಸಿನಲ್ಲಿ ಅವನು ಮುಂದಿನ ಸೀಟಿನ ಬೆನ್ನು ನೋಡುತ್ತ, "ಅವ್ವಾ, ಇದೊಂದು ಸಲ," ಎಂದ. ಅವಳು ಕಿಟಕಿಯ ಕಡೆ ತಿರುಗಿದಳು. "ಕೂಸನ್ನ ಕಸಗೊಂಡ್ರ ನಾ ಉಳಿಯೂದಿಲ್ಲ ನೋಡು," ಎಂದ. ಹೊರಗೆ ಸಜ್ಜೆಯ ಹೊಲಗಳು ಹಿಂದೆ ಸರಿಯುತ್ತಿದ್ದವು. ಹೇಳಿದರೆ ಮಗ ಹೋದ, ಹೇಳದಿದ್ದರೆ ಮೊಮ್ಮಗಳು ಹೋದಳು ಎಂದು ಲೆಕ್ಕ ಹಾಕುತ್ತ ಹಾಕುತ್ತ ಅವಳಿಗೆ ನವನಗರ ಬಂದದ್ದೇ ತಿಳಿಯಲಿಲ್ಲ.

ಕೋಣೆಯಲ್ಲಿ ಸಾಹೇಬರು, ಫರಹಾನಾ, ಎರಡೂ ಕಡೆಯ ವಕೀಲರು. ಸುಶ್ಮಿತಾ ತುದಿಯ ಕುರ್ಚಿಯಲ್ಲಿ ಕೂತಿದ್ದಳು. ಸಾಹೇಬರು ಹಿಂದಿನ ತಿಂಗಳ ಹೇಳಿಕೆ ಓದಿ, "ಒಳ್ಳೇದು. ಈ ತಿಂಗಳು ಹೇಗಿತ್ತಮ್ಮ?" ಎಂದರು.

ಹುಚ್ಚೇಶನ ವಕೀಲರು ಹೇಳು ಎನ್ನುವಂತೆ ಕತ್ತು ಆಡಿಸಿದರು. ದಾನಮ್ಮ ಎದ್ದು ನಿಂತಳು. ಕೂತೇ ಹೇಳಿ ಎಂದರೂ ಕೂರಲಿಲ್ಲ.

"ಕುಡದಿದ್ದರಿ," ಎಂದಳು.

ಸಾಹೇಬರ ಕಡೆಯೇ ನೋಡುತ್ತ ಮುಂದುವರಿಸಿದಳು. "ಕೂಸನ್ನ ಗಾಡಿ ಮ್ಯಾಲ ಕುಂದರಿಸಿಕೊಂಡು ಹ್ವಾದ. ನನಗ ಗೊತ್ತಿತ್ತರಿ ಕುಡದಾನಂತ. ಮಂದಿ ನೋಡ್ತಾರಂತ ನಾ ತಡೀಲಿಲ್ಲ. ದಾರ್‍ಯಾಗ ಗಾಡಿ ಬಿದ್ದೈತಿ. ಕೂಸು ಒಬ್ಬಾಕಿನ ಲಾರಿ ಓಡಾಡೂ ದಾರಿ ಹಿಡಿದು ನಡಕೊಂತ ಬಂದೈತಿ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹಿಂದಿನ ತಿಂಗಳಾನೂ ಕುಡದಿದ್ದರಿ. ನಾ ಸುಳ್ಳ ಬರಿಸಿದ್ದೆ. ಚೌಕಾಬಾರಾನೂ ಸುಳ್ಳ."

ಹುಚ್ಚೇಶ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇವತ್ತು ಯಾಕೆ ಹೇಳಿದ್ರಮ್ಮ?"

"ಕೂಸು ಸುಳ್ಳ ಹೇಳಾಕ ಕಲ್ತೈತ್ರಿ. ಅವರವ್ವನ ಮುಂದ ಹೇಳ್ತು. ನನ್ನಕಿಂತ ಚಲೋ ಹೇಳ್ತು." ಅವಳು ಸೊಸೆಯ ಕಡೆ ತಿರುಗಿದಳು. "ಇಕಿ ಕೈ ಮುರಿದಾಗ ಕುಣಿಯೊಳಗ ಬಿದ್ಲು ಅಂತ ಡಾಕ್ಟರಗೆ ಹೇಳಿದಾಕಿ ನಾನ ರೀ. ಬಿದ್ದಿದ್ದಿಲ್ಲ. ಅದನ್ನೂ ಬರಕೋರಿ."

ಸುಶ್ಮಿತಾ ತಲೆ ಎತ್ತಲಿಲ್ಲ. ಮುರಿದಿದ್ದ ಕೈಯನ್ನು ಇನ್ನೊಂದು ಕೈಯಿಂದ ನಿಧಾನಕ್ಕೆ ಸವರಿಕೊಳ್ಳುತ್ತ ಕೂತಿದ್ದಳು.

ಸಾಹೇಬರು ಹೇಳಿದ್ದು ದಾನಮ್ಮನಿಗೆ ಪೂರ್ತಿ ತಿಳಿಯಲಿಲ್ಲ. ಆಮೇಲೆ ಫರಹಾನಾ ಬಿಡಿಸಿ ಹೇಳಿದಳು. ಮಗಳು ಇನ್ನು ಇಳಕಲ್ಲಿಗೆ ಹೋಗುವಂತಿಲ್ಲ. ಹುಚ್ಚೇಶ ಇವತ್ತೇ ಮತ್ತೆ ಆಸ್ಪತ್ರೆಗೆ ಸೇರಬೇಕು; ಚೀಟಿ ಬರೆದುಕೊಟ್ಟಿದ್ದಾರೆ. ಹೊರಗೆ ಬಂದ ಮೇಲೆ ತಿಂಗಳಿಗೆ ಎರಡು ಶನಿವಾರ, ಎರಡೆರಡು ತಾಸು, ಇಲ್ಲೇ ಈ ಗೊಂಬೆಗಳ ಕೋಣೆಯಲ್ಲಿ, ಫರಹಾನಾಳ ಎದುರಿಗೆ ಮಗಳನ್ನು ನೋಡಬಹುದು. ಆಸ್ಪತ್ರೆಗೆ ಹೋಗದಿದ್ದರೆ ಅದೂ ಇಲ್ಲ.

"ಮತ್ತ ನಿಮಗೊಂದು ಮಾತು ಹೇಳ್ಯಾರ," ಎಂದಳು ಫರಹಾನಾ. "ಇನ್ನ ಮ್ಯಾಲ ನೀವು ಮಗನ್ನ ಕಾಯೂದು ಬ್ಯಾಡಂತ. ಅಜ್ಜಿ ಆಗಿ ಬಂದ್ರ ಸಾಕಂತ."

ಪಡಸಾಲೆಯ ಬೆಂಚಿನ ಮೇಲೆ ದಾನಮ್ಮ ಕೂತಳು. ಮಗ ಎಲ್ಲಿ ಹೋದನೋ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಸುಶ್ಮಿತಾ ಬಂದು ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು. ಸಿಟ್ಟು ಬರಬಹುದು, ಅಳಬಹುದು ಎಂದು ದಾನಮ್ಮ ಕಾದಳು. ಎರಡೂ ಬರಲಿಲ್ಲ.

"ಕೈ ಮುರದು ಎರಡು ವರ್ಷಾತು, ಅತ್ತಿ," ಎಂದಳು ಸುಶ್ಮಿತಾ ಕೊನೆಗೆ. "ಅವತ್ತ ನೀವು ಖರೆ ಹೇಳಿದ್ದರ, ನಾ ಮನಿ ಬಿಡ್ತಿದ್ದಿಲ್ಲ."

"ಹೌದು ಯವ್ವಾ."

"ಬನಶ್ರೀಗೆ ಏನಂತ ಹೇಳ್ಲಿ?"

"ಖರೆ ಹೇಳು. ಅಪ್ಪ ಕುಡೀತಾನ, ದವಾಖಾನ್ಯಾಗ ಅದಾನಂತ ಹೇಳು. ಆಯಿ ಸುಳ್ಳ ಹೇಳ್ತಿದ್ಲು ಅಂತಾನೂ ಹೇಳು."

ಸುಶ್ಮಿತಾ ಎದ್ದಳು. ಎರಡು ಹೆಜ್ಜೆ ಹೋದವಳು ತಿರುಗಿ, "ಊಟ ಮಾಡೀರಿಲ್ಲೋ?" ಎಂದಳು. ಉತ್ತರಕ್ಕೆ ಕಾಯದೆ ಹೋದಳು.

ಹುಚ್ಚೇಶ ಗೇಟಿನಾಚೆ ಕಾಲುವೆಯ ಕಟ್ಟೆಯ ಮೇಲೆ ಕೂತಿದ್ದ. ದಾನಮ್ಮ ಚೀಟಿ ಹಿಡಿದು ಅವನ ಎದುರಿಗೆ ನಿಂತಳು. ಅವನು ಮುಖ ಎತ್ತದೆ, "ನಿನ್ನ ಹೊಟ್ಟಿ ತಣ್ಣಗಾತಿಲ್ಲ?" ಎಂದ. ಆ ಮಾತು ಅವಳಿಗೆ ನಾಟಿತು. ಹೊಟ್ಟೆ ತಣ್ಣಗಾಗಿರಲಿಲ್ಲ, ಸುಡುತ್ತಿತ್ತು. ಆದರೆ ಅದನ್ನು ಅವನಿಗೆ ಹೇಳುವ ಹೊತ್ತು ಇದಲ್ಲ ಎನಿಸಿತು. ಹೋಗುತ್ತಿದ್ದ ಆಟೋವನ್ನು ನಿಲ್ಲಿಸಿ ಹತ್ತಿ ಕೂತಳು. ಡ್ರೈವರು ಹೋಗೋಣವೇ ಎಂದ. "ತಡಿಯಪ್ಪಾ," ಎಂದಳು. ಆಟೋ ನಿಂತಲ್ಲೇ ಗಡಗಡ ನಡುಗುತ್ತಿತ್ತು. ಬಹಳ ಹೊತ್ತಿನ ಮೇಲೆ ಹುಚ್ಚೇಶ ಎದ್ದು ಬಂದು, ಅವಳ ಪಕ್ಕದಲ್ಲಿ ಜಾಗವಿದ್ದರೂ ಡ್ರೈವರನ ಪಕ್ಕ ಒತ್ತಿ ಕೂತ. ದಾರಿಯುದ್ದಕ್ಕೂ ಅವಳಿಗೆ ಕಂಡದ್ದು ಅವನ ಬೆನ್ನು ಮಾತ್ರ. ಬೆನ್ನಿನ ಎಲುಬು ಅಂಗಿಯ ಮೇಲೂ ಕಾಣುತ್ತಿದ್ದವು.

ಆಸ್ಪತ್ರೆಯಲ್ಲಿ ಹತ್ತು ಹನ್ನೆರಡು ಮಂದಿಯ ಸಾಲಿತ್ತು. ಅವರ ಪಾಳಿ ಬಂದಾಗ ನರ್ಸ್ ಚೀಟಿ ಓದಿ, ಹೆಸರು, ವಯಸ್ಸು ಬರೆದುಕೊಂಡು, ತಲೆ ಎತ್ತದೆ ಕೇಳಿದಳು: "ಕಡೀಕ ಯಾವಾಗ ಕುಡದೀರಿ?"

ಹುಚ್ಚೇಶ ತಿರುಗಿ ತಾಯಿಯ ಮುಖ ನೋಡಿದ. ಶಾಲೆಯಲ್ಲಿ ಮಾಸ್ತರರು ಕೇಳಿದಾಗ, ಮಾಲೀಕರು ಕೇಳಿದಾಗ, ಬೀಗರು ಕೇಳಿದಾಗ ನೋಡುತ್ತಿದ್ದ ಹಾಗೆಯೇ. ಹತ್ತು ದಿನಾತ್ರಿ ಎಂಬ ಮಾತು ದಾನಮ್ಮನ ನಾಲಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು. ಅವಳು ತುಟಿ ಕೂಡಿಸಿ, ಕಿಟಕಿಯಾಚೆ ಒಗೆದು ಹಾಕಿದ ಹಸಿರು ಚಾದರಗಳನ್ನು ನೋಡುತ್ತ ನಿಂತಳು. ಹಿಂದೆ ಯಾರೋ ಕೆಮ್ಮಿದರು. ಅವನು ಇನ್ನೂ ಕಾಯುತ್ತಿದ್ದ.

"ಯಾವಾಗ್ರಿ?" ಎಂದಳು ನರ್ಸ್ ಮತ್ತೊಮ್ಮೆ.

"ಇವತ್ತ ಮುಂಜಾನಿ," ಎಂದ ಹುಚ್ಚೇಶ. "ಬಸ್ ಹತ್ತೂಕಿಂತ ಮೊದಲ. ಅರ್ಧ ಪಾಕೀಟು."

ಅದು ದಾನಮ್ಮನಿಗೂ ಗೊತ್ತಿರಲಿಲ್ಲ. ಅವಳು ಅವನ ಕಡೆ ನೋಡಲಿಲ್ಲ. ನರ್ಸಿನ ಪೆನ್ನು ಹಾಳೆಯ ಮೇಲೆ ಸರಿಯುತ್ತಿತ್ತು. ಅದು ಸಾಲಿನ ಕೊನೆ ಮುಟ್ಟುವವರೆಗೂ ತಾಯಿ ಮಗ ಇಬ್ಬರೂ ಆ ಹಾಳೆಯನ್ನೇ ನೋಡುತ್ತ ನಿಂತಿದ್ದರು.